ಇಂಗಾಲದ ನ್ಯಾನೊಕೊಳವೆ ಚಾಲಕಗಳ ಗಾತ್ರಾವಲಂಬಿ ಯಾಂತ್ರಿಕ ವರ್ತನೆ

ಇಂಗಾಲದ ನ್ಯಾನೊಕೊಳವೆ ಚಾಲಕ ಅಥವಾ ಕಾರ್ಬನ್ ನ್ಯಾನೊಟ್ಯೂಬ್ ಆಕ್ಚುಯೇಟರ್ ಎಂಬುದು ವಿದ್ಯುತ್ ಪ್ರಚೋದನೆಯನ್ನು ಚಲನೆಯಾಗಿ ಪರಿವರ್ತಿಸುವ ಅತಿಸೂಕ್ಷ್ಮ ಸಾಧನ. ಇದರ ಬಾಗುವಿಕೆ, ಕಂಪನ ಮತ್ತು ಸ್ಥಿರತೆಗಳು ಗಾತ್ರವನ್ನು ಅವಲಂಬಿಸಿ ಬದಲಾಗುವುದನ್ನು ಗಾತ್ರಾವಲಂಬಿ ವರ್ತನೆ ಎನ್ನುತ್ತಾರೆ.

ಹಿನ್ನೆಲೆ

ಬಹುಗೋಡೆಯ ನ್ಯಾನೊಕೊಳವೆಗಳನ್ನು ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ವರ್ಣಿಸಿದರು. ಇವುಗಳಲ್ಲಿ ಇಂಗಾಲದ ಬಂಧದ ಉದ್ದ ಸುಮಾರು 0.142 ನ್ಯಾನೊಮೀಟರ್, ಯಂಗ್ ಗುಣಾಂಕ ಸುಮಾರು 1 ಟೆರಾಪ್ಯಾಸ್ಕಲ್. ವಿದ್ಯುದ್ವಿಚ್ಛೇದ್ಯದಲ್ಲಿ ಮುಳುಗಿಸಿದ ನ್ಯಾನೊಕೊಳವೆಯ ಹಾಳೆಗಳು ಕೆಲವೇ ವೋಲ್ಟುಗಳಿಗೆ ಸ್ಪಂದಿಸಿ ಚಲಿಸುವುದನ್ನು ರೇ ಬಾಗ್‌ಮನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅದೇ ವರ್ಷ ಫಿಲಿಪ್ ಪೊಂಶಾರಾಲ್ ಮತ್ತು ಸಂಗಡಿಗರು, ಬಹುಗೋಡೆಯ ಕೊಳವೆಯ ವ್ಯಾಸವು 8ರಿಂದ 40 ನ್ಯಾನೊಮೀಟರ್‌ಗೆ ಏರಿದಾಗ ಅದರ ಬಾಗುವಿಕೆಯ ಗುಣಾಂಕ ಸುಮಾರು 1ರಿಂದ 0.1 ಟೆರಾಪ್ಯಾಸ್ಕಲ್‌ಗೆ ಇಳಿಯುವುದನ್ನು ಅಳೆದರು. ದಪ್ಪ ಕೊಳವೆಗಳು ಬಾಗುವಾಗ ಒಳಮೈಯಲ್ಲಿ ಸುಕ್ಕುಗಟ್ಟುವುದು ಇದಕ್ಕೆ ಕಾರಣವೆಂದು ಅವರು ಸೂಚಿಸಿದರು.

ಮಾದರಿಗಳು

ಪ್ರತಿ ಪರಮಾಣುವಿನ ಚಲನೆಯನ್ನು ಲೆಕ್ಕಹಾಕುವ ಅಣುಚಲನ ಅನುಕರಣೆ ನಿಖರವಾದರೂ, ಉದ್ದದ ಕೊಳವೆಗಳಿಗೆ ಬಹಳ ದುಬಾರಿ. ಆದ್ದರಿಂದ ಕೊಳವೆಯನ್ನು ತೊಲೆಯೆಂದು ಭಾವಿಸುವುದು ರೂಢಿ. ಸಾಂಪ್ರದಾಯಿಕ ತೊಲೆ ಸಿದ್ಧಾಂತದಲ್ಲಿ ಒಂದು ಬಿಂದುವಿನ ಪೀಡನವು ಅದೇ ಬಿಂದುವಿನ ವಿಕೃತಿಯನ್ನು ಮಾತ್ರ ಅವಲಂಬಿಸುತ್ತದೆ. ಸೆಮಲ್ ಎರಿಂಗನ್ ರೂಪಿಸಿದ ಅಸ್ಥಳೀಯ ಸ್ಥಿತಿಸ್ಥಾಪಕತ್ವ ಸಿದ್ಧಾಂತದಲ್ಲಿ ಸುತ್ತಲಿನ ಎಲ್ಲ ಬಿಂದುಗಳ ವಿಕೃತಿಯೂ ಪರಿಗಣನೆಗೆ ಬರುತ್ತದೆ. ಇದರ ಪ್ರಕಾರ ಎರಡೂ ತುದಿಗಳಲ್ಲಿ ಸರಳವಾಗಿ ಆಧರಿಸಲ್ಪಟ್ಟ ಕೊಳವೆಯ ಸಹಜ ಆವೃತ್ತಿ ಕಡಿಮೆಯಾಗುತ್ತದೆ. ಮಾರ್ಪಡಿಸಿದ ಯುಗ್ಮ-ಪೀಡನ ಸಿದ್ಧಾಂತವು ಇದಕ್ಕೆ ವಿರುದ್ಧವಾಗಿ ಬಿಗಿತ ಹೆಚ್ಚುವುದೆಂದು ಹೇಳುತ್ತದೆ.

ಅಸ್ಥಳೀಯತೆಯ ಅಳತೆಯನ್ನು 1 ನ್ಯಾನೊಮೀಟರ್ ಎಂದಿಟ್ಟುಕೊಂಡರೆ, 10 ನ್ಯಾನೊಮೀಟರ್ ಉದ್ದದ ಅಂತಹ ಕೊಳವೆಯ ಮೊದಲ ಆವೃತ್ತಿ ಸುಮಾರು 4.6% ಕುಗ್ಗುತ್ತದೆ, 100 ನ್ಯಾನೊಮೀಟರ್ ಉದ್ದಕ್ಕೆ ಕುಗ್ಗುವಿಕೆ 0.05% ಮಾತ್ರ. ಎರಿಂಗನ್ ಸೂಚಿಸಿದ 0.39 ಎಂಬ ಗುಣಕವನ್ನು ಬಂಧದ ಉದ್ದದೊಡನೆ ಬಳಸಿದರೆ, 10 ನ್ಯಾನೊಮೀಟರ್ ಕೊಳವೆಯಲ್ಲೂ ಕುಗ್ಗುವಿಕೆ ಸುಮಾರು 0.015%ಕ್ಕೆ ಇಳಿಯುತ್ತದೆ. ಹೀಗೆ ಫಲಿತಾಂಶವು ಈ ಅಳತೆಯ ಆಯ್ಕೆಯನ್ನೇ ಬಹುಮಟ್ಟಿಗೆ ಅವಲಂಬಿಸಿರುವುದು ಸಿದ್ಧಾಂತದ ಮುಖ್ಯ ಮಿತಿ. ಸ್ವತಂತ್ರ ತುದಿಯಲ್ಲಿ ಬಿಂದುಭಾರ ಹೊತ್ತ ಚಾಚುತೊಲೆಗೆ ಇದರ ಅವಕಲನ ರೂಪವು ಯಾವ ಗಾತ್ರ ಪರಿಣಾಮವನ್ನೂ ತೋರಿಸದಿರುವುದು ಇನ್ನೊಂದು ಮಿತಿ.

ಸೆಳೆತದ ಅಸ್ಥಿರತೆ

ಸ್ಥಿರವಿದ್ಯುತ್ ಚಾಲಕದಲ್ಲಿ ಕೊಳವೆಯು ಎದುರಿನ ವಿದ್ಯುದ್ವಾರದ ಕಡೆಗೆ ಬಾಗುತ್ತದೆ. ವೋಲ್ಟೇಜ್ ಒಂದು ಮಿತಿಯನ್ನು ದಾಟಿದರೆ ಸ್ಥಿತಿಸ್ಥಾಪಕ ಬಲವು ಸೆಳೆತವನ್ನು ತಡೆಯಲಾರದೆ ಕೊಳವೆ ಥಟ್ಟನೆ ವಿದ್ಯುದ್ವಾರಕ್ಕೆ ತಾಗುತ್ತದೆ. ಅಂತರವು ಕೆಲವೇ ನ್ಯಾನೊಮೀಟರ್ ಆಗಿದ್ದಾಗ ವ್ಯಾನ್ ಡರ್ ವಾಲ್ಸ್ ಬಲವೂ ಸೇರಿ ಈ ಮಿತಿ ಇನ್ನೂ ತಗ್ಗುತ್ತದೆ; ವೋಲ್ಟೇಜ್ ತೆಗೆದರೂ ಕೊಳವೆ ಅಂಟಿಕೊಂಡೇ ಉಳಿಯಬಹುದು. ಆದ್ದರಿಂದ ಬಿಗಿತವನ್ನು ತಪ್ಪಾಗಿ ಅಂದಾಜಿಸಿದರೆ ಸಾಧನವೇ ನಿರುಪಯುಕ್ತವಾಗಬಹುದು.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾಂತರಿಕ್ಷ ಎಂಜಿನಿಯರಿಂಗ್ ವಿಭಾಗದ ಎಸ್. ಗೋಪಾಲಕೃಷ್ಣನ್ ಅವರು ಎಸ್. ನರೇಂದರ್ ಅವರೊಡನೆ, ನ್ಯಾನೊರಚನೆಗಳಲ್ಲಿ ತರಂಗ ಪ್ರಸರಣವನ್ನು ಅಸ್ಥಳೀಯ ಸಿದ್ಧಾಂತದ ಮೂಲಕ ವಿವರಿಸುವ ಗ್ರಂಥವನ್ನು 2013ರಲ್ಲಿ ಪ್ರಕಟಿಸಿದರು. ಅಸ್ಥಳೀಯ ಮಾದರಿಯಲ್ಲಿ ಒಂದು ಆವೃತ್ತಿಯನ್ನು ಮೀರಿದ ಬಳಿಕ ತರಂಗವು ಮುಂದೆ ಸಾಗುವುದಿಲ್ಲ. ಇದು ಸಾಂಪ್ರದಾಯಿಕ ಮಾದರಿಗಿಂತ ಭಿನ್ನ. ಅದೇ ಸಂಸ್ಥೆಯ ಎ. ಕೆ. ಸೂದ್ ಮತ್ತು ಸಂಗಡಿಗರು, ನ್ಯಾನೊಕೊಳವೆಗಳ ಮೇಲೆ ದ್ರವ ಹರಿದಾಗ ವೋಲ್ಟೇಜ್ ಉಂಟಾಗುವುದನ್ನು 2003ರಲ್ಲಿ ವರದಿ ಮಾಡಿದರು. ಇದು ಚಾಲಕಕ್ಕಿಂತ ಸಂವೇದಕಕ್ಕೆ ಸಂಬಂಧಿಸಿದ ಶೋಧನೆ.