ತೊಡೆಮೂಳೆಯ ಕತ್ತಿನ ಮೊಳೆ: ಒಂದು ಶಸ್ತ್ರೋಪಕರಣದ ಚರಿತ್ರೆ

ಮುಪ್ಪಿನಲ್ಲಿ ಕಾಲುಜಾರಿ ಬಿದ್ದು ತೊಡೆಮೂಳೆಯ ಮೇಲ್ತುದಿಯನ್ನು ಮುರಿದುಕೊಂಡವರ ಪಾಲಿಗೆ ಮುರಿತದಷ್ಟೇ ಅದರ ಚಿಕಿತ್ಸೆಯೂ ಪ್ರಾಣಾಂತಿಕವಾಗಿ ಪರಿಣಮಿಸುತ್ತಿದ್ದ ಕಾಲವೊಂದಿತ್ತು. ಕೀಲಿನ ಕೋಶದೊಳಗಣ ಮುರಿತವು ಕೂಡಿಕೊಳ್ಳುವುದು ದುರ್ಲಭವೆಂದೂ, ಕೋಶದ ಹೊರಗಣದು ಕೂಡಬಲ್ಲುದೆಂದೂ ಲಂಡನ್ನಿನ ಆಸ್ಟ್ಲಿ ಕೂಪರನು 1822ರ ತನ್ನ ಗ್ರಂಥದಲ್ಲಿ ವಿಂಗಡಿಸಿ ತೋರಿಸಿದ್ದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನ್ಯೂಯಾರ್ಕಿನ ರಾಯಲ್ ವಿಟ್ಮನ್ನನು ಕಾಲನ್ನು ಹೊರಕ್ಕೆ ಅಗಲಿಸಿ ಪ್ಲಾಸ್ಟರಿನ ಕಟ್ಟು ಬಿಗಿಯುವ ಕ್ರಮವನ್ನು ಪ್ರಚುರಪಡಿಸಿದನು. ಆದರೂ ಮೂಳೆ ಕೂಡುವ ಮೊದಲೇ ಹಾಸಿಗೆಹುಣ್ಣೂ ಶ್ವಾಸಕೋಶದ ಉರಿಯೂತವೂ ವೃದ್ಧರನ್ನು ಬಲಿತೆಗೆದುಕೊಳ್ಳುತ್ತಿದ್ದುದು ವಿರಳವಾಗಿರಲಿಲ್ಲ.

ನಾರ್ವೆಯಲ್ಲಿ ಜನಿಸಿ ಬಾಸ್ಟನ್ನಿನಲ್ಲಿ ನೆಲೆಸಿದ ಮೇರಿಯಸ್ ಸ್ಮಿತ್-ಪೀಟರ್ಸನ್ನನು 1925ರಲ್ಲಿ ಪ್ರಯೋಗಿಸಿ 1931ರಲ್ಲಿ ಪ್ರಕಟಿಸಿದ ಮೊಳೆಯನ್ನು ತುದಿಯ ಕಡೆಯಿಂದ ನೋಡಿದರೆ, ನಡುವಣ ಕಾಂಡದಿಂದ ಮೂರು ತೆಳುವಾದ ರೆಕ್ಕೆಗಳು ಹೊರಚಾಚಿರುವುದು ಕಾಣುತ್ತದೆ. ಎಲುಬನ್ನು ಆದಷ್ಟು ಕಡಿಮೆ ನಷ್ಟಪಡಿಸಿ, ಮುರಿದ ತಲೆಯು ಕತ್ತಿನ ಮೇಲೆ ತಿರುಗದಂತೆ ತಡೆಯುವುದೇ ಆ ರೆಕ್ಕೆಗಳ ಕೆಲಸ. ಗೋಥೆನ್‌ಬರ್ಗಿನ ಸ್ವೆನ್ ಯೊಹಾನ್ಸನ್ನನು ಅನತಿಕಾಲದಲ್ಲಿಯೇ ಮೊಳೆಯ ನಡುವೆ ರಂಧ್ರವನ್ನಿರಿಸಿ, ಮೊದಲು ಸಣ್ಣ ತಂತಿಯೊಂದನ್ನು ತೂರಿಸಿ, ಕ್ಷಕಿರಣದಲ್ಲಿ ಅದರ ದಾರಿ ಸರಿಯೆಂದು ಕಂಡಮೇಲೆ ಮೊಳೆಯನ್ನು ಹೊಡೆಯುವ ಉಪಾಯವನ್ನು ಹೂಡಿದುದರಿಂದ, ಕೀಲನ್ನು ತೆರೆಯುವ ಅಗತ್ಯವೇ ತಪ್ಪಿತು.

ಕತ್ತಿನ ಬುಡದ, ಎಂದರೆ ಟ್ರೋಕ್ಯಾಂಟರ್ ಪ್ರದೇಶದ, ಮುರಿತಕ್ಕೆ ಈ ಮೊಳೆಯೊಂದೇ ಸಾಲದು. ಏಕೆಂದರೆ ಅಲ್ಲಿ ಮೊಳೆಯ ಹೊರತುದಿಗೆ ಗಟ್ಟಿ ಹಿಡಿತವೇ ಇಲ್ಲ. 1937ರಲ್ಲಿ ಥಾರ್ನ್‌ಟನ್ನನು ಮೊಳೆಗೆ ಲೋಹದ ಪಟ್ಟಿಯನ್ನು ಜೋಡಿಸಿದನು. 1941ರಲ್ಲಿ ಜ್ಯೂಯೆಟ್ಟನು ಅವೆರಡನ್ನೂ ಏಕಖಂಡವಾಗಿಸಿದನು. ಆದರೆ ಮುರಿದ ಎಲುಬು ಭಾರಕ್ಕೆ ಕುಸಿದು ಕುಳಿತುಕೊಳ್ಳುತ್ತದೆ, ಮೊಳೆಯಾದರೋ ಕುಗ್ಗುವುದಿಲ್ಲ. ಆಗ ಅದರ ತುದಿ ಮೂಳೆಯ ತಲೆಯನ್ನು ಭೇದಿಸಿ ಕೀಲಿನೊಳಕ್ಕೆ ನುಗ್ಗುವುದು, ಇಲ್ಲವೆ ಲೋಹವೇ ಮುರಿಯುವುದು. 1950ರ ದಶಕದಲ್ಲಿ ಕೀಲ್ ನಗರದ ಉಪಕರಣಶಿಲ್ಪಿ ಅರ್ನ್ಸ್ಟ್ ಪೋಲನು ಕೊಳವೆಯೊಳಗೆ ಹಿಂದಕ್ಕೆ ಸರಿಯಬಲ್ಲ ತಿರುಪನ್ನು ನಿರ್ಮಿಸಿ, ಎಲುಬಿನ ತುಂಡುಗಳು ಒಂದನ್ನೊಂದು ಒತ್ತಿಕೊಂಡು ಕೂಡುವಂತೆ ಮಾಡಿದನು. ಅಲ್ಲಾಡದಂತೆ ಬಿಗಿಯುವುದಕ್ಕಿಂತ ಬೇಕಾದ ದಿಕ್ಕಿನಲ್ಲಿ ಮಾತ್ರ ಸರಿಯಗೊಡುವುದು ಹಿತವೆಂಬ ಈ ಅರಿವೇ, ನನ್ನ ಮತದಲ್ಲಿ, ಸಮಗ್ರ ಚರಿತ್ರೆಯ ಸಂಧಿಸ್ಥಾನ.

ಅದೇ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕ್ಯೂಂಚರನು 1939ರಿಂದ ಮಜ್ಜೆಯ ನಾಳದೊಳಗೆ ಉದ್ದನೆಯ ಮೊಳೆಯನ್ನು ಇಳಿಸತೊಡಗಿದ್ದನು. 1980ರ ದಶಕದ ಗಾಮಾ ಮೊಳೆಯಲ್ಲಿ ಜಾರುವ ತಿರುಪೂ ನಾಳದ ಮೊಳೆಯೂ ಒಂದಾದುವು. ಭಾರವು ಬೀಳುವ ರೇಖೆಗೆ ಲೋಹವು ಸಮೀಪವಾದುದರಿಂದ ಅದರ ಮೇಲಣ ಬಾಗುವ ಒತ್ತಡ ತಗ್ಗಿತು. ಆದರೆ ಮೊದಮೊದಲಿನ ಮೊಳೆಗಳ ಕೆಳತುದಿಯಲ್ಲಿ ತೊಡೆಮೂಳೆಯೇ ಮುರಿಯುವ ಹೊಸ ವಿಪತ್ತು ತಲೆದೋರಿ, ಆಕಾರವನ್ನು ತಿದ್ದಬೇಕಾಯಿತು. ಅನಂತರದ ಪಿ.ಎಫ್.ಎನ್. ಎಂಬ ಮೊಳೆಯ ಎರಡು ತಿರುಪುಗಳಲ್ಲಿ ಒಂದು ಒಳಕ್ಕೂ ಮತ್ತೊಂದು ಹೊರಕ್ಕೂ ಸರಿಯುವ ದೋಷ ಕಂಡುಬಂದುದರಿಂದ, ಪಿ.ಎಫ್.ಎನ್.ಎ.ಯಲ್ಲಿ ಎಲುಬನ್ನು ಒತ್ತಿ ದಟ್ಟಗೊಳಿಸುವ ಸುರುಳಿಯ ಅಲಗೊಂದನ್ನು ಇರಿಸಲಾಯಿತು.

ಇವುಗಳನ್ನು ತೂಗಿ ನೋಡುವವರು ಉಪಕರಣದ ಹೆಸರನ್ನಷ್ಟೇ ನೋಡಿದರೆ ನ್ಯಾಯವಾಗದು. ತಿರುಪಿನ ತುದಿಯಿಂದ ಮೂಳೆಯ ತಲೆಯ ಶಿಖರಕ್ಕಿರುವ ದೂರವನ್ನು ಎರಡು ಕ್ಷಕಿರಣಚಿತ್ರಗಳಲ್ಲಿ ಅಳೆದು ಕೂಡಿದ ಮೊತ್ತವು 25 ಮಿಲಿಮೀಟರನ್ನು ಮೀರಿದಂತೆಲ್ಲ ತಿರುಪು ಎಲುಬನ್ನು ಸೀಳಿ ಹೊರಬರುವ ಭಯ ಹೆಚ್ಚುವುದೆಂದು ಬಾಮ್‌ಗಾರ್ಟ್ನರ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ತೋರಿಸಿದರು. ಸುಸ್ಥಿರವಾದ ಮುರಿತದಲ್ಲಿ ಜಾರುವ ತಿರುಪು ಮೊಳೆಗೆ ಯಾವ ವಿಧದಲ್ಲಿಯೂ ಕಡಿಮೆಯಲ್ಲ, ಬೆಲೆಯಲ್ಲಿಯೂ ಹಗುರ. ಮುರಿತದ ಗೆರೆಯು ವಿಲೋಮವಾಗಿ ಓರೆಯಾಗಿದ್ದಲ್ಲಿ ಮಾತ್ರ ತಿರುಪು ಜಾರುವ ದಿಕ್ಕೂ ಆ ಗೆರೆಯೂ ಹೆಚ್ಚುಕಡಿಮೆ ಒಂದೇ ಆಗಿ, ತುಂಡುಗಳು ಕೂಡುವುದಕ್ಕೆ ಬದಲಾಗಿ ಅಗಲುವುದರಿಂದ, ಅಲ್ಲಿ ಮಜ್ಜಾನಾಳದ ಮೊಳೆಯನ್ನೇ ಆರಿಸಬೇಕು.