ಡಾಸ್ ಆಟಗಳ ಎಮ್ಯುಲೇಷನ್

1980 ಮತ್ತು 90ರ ದಶಕಗಳಲ್ಲಿ ಎಂಎಸ್-ಡಾಸ್ ಕಾರ್ಯಾಚರಣಾ ವ್ಯವಸ್ಥೆಗಾಗಿ ರಚಿತವಾದ ಆಟಗಳನ್ನು ಇಂದಿನ ಕಂಪ್ಯೂಟರುಗಳಲ್ಲಿ ಆಡಲು ಬಳಸುವ ತಂತ್ರ. 64-ಬಿಟ್ ವಿಂಡೋಸ್ ಆವೃತ್ತಿಗಳು 16-ಬಿಟ್ ಡಾಸ್ ಪ್ರೋಗ್ರಾಂಗಳನ್ನು ನೇರವಾಗಿ ನಡೆಸುವುದಿಲ್ಲ. ಪ್ರೊಸೆಸರಿನ ವೇಗವನ್ನೇ ನೆಚ್ಚಿಕೊಂಡ ಕೆಲವು ಆಟಗಳಂತೂ ಹೊಸ ಯಂತ್ರದಲ್ಲಿ ನಡೆದರೂ ಆಡಲಾಗದಷ್ಟು ಬಿರುಸಾಗಿ ಓಡುತ್ತವೆ.

ವಿಧಾನಗಳು: 2002ರಲ್ಲಿ ಬಿಡುಗಡೆಯಾದ ಡಾಸ್‌ಬಾಕ್ಸ್ ಒಂದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ. ಅದು ಪ್ರೊಸೆಸರ್, ವಿಜಿಎ ಗ್ರಾಫಿಕ್ಸ್, ಸೌಂಡ್ ಬ್ಲಾಸ್ಟರ್ ಧ್ವನಿ ಕಾರ್ಡುಗಳನ್ನು ಅನುಕರಿಸುವುದರ ಜೊತೆಗೆ ಡಾಸ್ ಪರಿಸರವನ್ನೂ ತಾನೇ ಒದಗಿಸುತ್ತದೆ. ಅದರ ‘ಸೈಕಲ್ಸ್’ ಎಂಬ ಆಯ್ಕೆಯನ್ನು ಬದಲಿಸಿ ವೇಗವನ್ನು ಆಟಕ್ಕೆ ತಕ್ಕಂತೆ ಹೊಂದಿಸಬಹುದು. ಪಿಸಿಎಮ್, 86ಬಾಕ್ಸ್ ಎಂಬ ಎಮ್ಯುಲೇಟರುಗಳು ಮದರ್‌ಬೋರ್ಡ್, ಬಯಾಸ್ ಸಮೇತ ಇಡೀ ಯಂತ್ರವನ್ನು ಅನುಕರಿಸುತ್ತವೆ. ಇವುಗಳಲ್ಲಿ ನಿಖರತೆ ಹೆಚ್ಚು. ಆದರೆ ಬಲವಾದ ಪ್ರೊಸೆಸರ್ ಬೇಕು, ಡಾಸನ್ನು ಬಳಕೆದಾರರೇ ಅಳವಡಿಸಿಕೊಳ್ಳಬೇಕು. 2001ರಲ್ಲಿ ಬಂದ ಸ್ಕಮ್‌ವಿಎಂ ಎಂಬ ತಂತ್ರಾಂಶ ಮಾತ್ರ ಯಂತ್ರವನ್ನು ಅನುಕರಿಸುವುದಿಲ್ಲ. ಆಟದ ಎಂಜಿನ್ನನ್ನೇ ಹೊಸದಾಗಿ ಬರೆದು, ಮೂಲ ಕಡತಗಳಿಂದ ಚಿತ್ರ, ಧ್ವನಿ, ಕಥಾಭಾಗವನ್ನು ಓದಿಕೊಳ್ಳುತ್ತದೆ. ಹೀಗಾಗಿ ಮೊಬೈಲ್ ಫೋನಿನಲ್ಲೂ ಹಗುರವಾಗಿ ನಡೆಯುತ್ತದೆ. ಇನ್ನೊಂದು ವಿಧಾನ ‘ಸೋರ್ಸ್ ಪೋರ್ಟ್’, ಅಂದರೆ ಆಟದ ಮೂಲ ಸಂಕೇತವನ್ನೇ ಹೊಸ ಯಂತ್ರಗಳಿಗೆ ಹೊಂದಿಸಿದ ಆವೃತ್ತಿ. ಡೂಮ್ (1993) ಆಟದ ಮೂಲ ಸಂಕೇತ 1997ರಲ್ಲಿ ಬಹಿರಂಗವಾದ ಮೇಲೆ ಅಂಥ ಅನೇಕ ಆವೃತ್ತಿಗಳು ಹುಟ್ಟಿಕೊಂಡವು.

ಆಯ್ಕೆ: ಮಂಕಿ ಐಲ್ಯಾಂಡ್‌ನಂಥ ಸಾಹಸ ಆಟಗಳಿಗೆ ಸ್ಕಮ್‌ವಿಎಂ ಸುಲಭ; ಆದರೆ ಅದರ ಪಟ್ಟಿಯಲ್ಲಿಲ್ಲದ ಆಟ ಅದರಲ್ಲಿ ನಡೆಯದು. ಉಳಿದ ಬಹುಪಾಲು ಆಟಗಳಿಗೆ ಡಾಸ್‌ಬಾಕ್ಸ್ ಸಾಕು. ನಿರ್ದಿಷ್ಟ ಯಂತ್ರಾಂಶದ ಗುಣದೋಷಗಳೂ ಹಾಗೆಯೇ ಬೇಕೆನ್ನುವವರಿಗೆ 86ಬಾಕ್ಸ್ ಸೂಕ್ತ. ಹೆಚ್ಚಿನ ರೆಸಲ್ಯೂಷನ್ ಬಯಸುವವರಿಗೆ, ಆ ಆಟಕ್ಕೆ ಲಭ್ಯವಿದ್ದರೆ, ಸೋರ್ಸ್ ಪೋರ್ಟ್ ಹೊಂದುತ್ತದೆ. ಪರದೆಯ ಅನುಪಾತವನ್ನೂ ಗಮನಿಸಬೇಕು: ಅನೇಕ ಡಾಸ್ ಆಟಗಳ 320×200 ಬಿಂದುಗಳ ಚಿತ್ರ ಅಂದು 4:3 ಪರದೆಯನ್ನು ತುಂಬುತ್ತಿತ್ತು. ಇಂದು ಆ ಅನುಪಾತ ಸರಿಪಡಿಸದಿದ್ದರೆ ಆಕೃತಿಗಳು ಚಪ್ಪಟೆಯಾಗಿ ಕಾಣುತ್ತವೆ. ಎಮ್ಯುಲೇಟರ್ ಉಚಿತವಾಗಿದ್ದರೂ ಆಟಗಳ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಮುಂದುವರಿದಿರುತ್ತದೆ.