ಮೂತ್ರದಲ್ಲಿ ಕಂಡ ಮೂತ್ರಪಿಂಡ

ಆರೋಗ್ಯವಂತರ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಸೋಸುವ ಮೂತ್ರಪಿಂಡ ಅದನ್ನು ಒಳಗೇ ಉಳಿಸಿಕೊಳ್ಳುತ್ತದೆ. ಸೋಸುವ ಪೊರೆ ಕೆಟ್ಟರೆ ಅಲ್ಬುಮಿನ್ ಸೋರತೊಡಗುತ್ತದೆ. ಇಷ್ಟು ತಿಳಿಯಲು ವೈದ್ಯರಿಗೆ ಶತಮಾನಗಳೇ ಬೇಕಾದವು.

ಮಧ್ಯಯುಗದ ಯೂರೋಪಿನಲ್ಲಿ ಮೂತ್ರವನ್ನು ಗಾಜಿನ ಬುರುಡೆಯಲ್ಲಿ ಬೆಳಕಿಗೆ ಹಿಡಿದು, ಬಣ್ಣ, ಗಷ್ಟು, ವಾಸನೆಗಳಿಂದಲೇ ರೋಗ ಹೇಳುತ್ತಿದ್ದರು. ಮಧುಮೇಹಿಗಳ ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ಭಾರತದ ವೈದ್ಯರು ಗಮನಿಸಿದ್ದರು. ಆ ಸಿಹಿ ಸಕ್ಕರೆಯದೇ ಎಂದು 1776ರಲ್ಲಿ ತೋರಿಸಿದವನು ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್. ಅವನು ಮೂತ್ರವನ್ನು ಆವಿಯಾಗಿಸಿ, ತಳದಲ್ಲಿ ಉಳಿದ ಬಿಳಿ ಪುಡಿಯ ರುಚಿ ನೋಡಿದ್ದ.

ಪ್ರೋಟೀನಿನ ಕಥೆ ಬೆಂಕಿಯಿಂದ ಶುರುವಾಗುತ್ತದೆ. ಮೈ ಊದಿಕೊಂಡಿದ್ದ ಸೈನಿಕನೊಬ್ಬನ ಮೂತ್ರ ಕಾಯಿಸಿದಾಗ ಹೆಪ್ಪುಗಟ್ಟಿದ್ದನ್ನು ಇಟಲಿಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ ಬರೆದಿಟ್ಟ. ಅದರ ಅರ್ಥ ಬಿಡಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಅವನ ಸಲಕರಣೆ ಒಂದು ಚಮಚ, ಒಂದು ಮೋಂಬತ್ತಿ. ಚಮಚದ ಮೂತ್ರವನ್ನು ಉರಿಯ ಮೇಲೆ ಹಿಡಿದರೆ, ಕುದಿ ಬರುವ ಮೊದಲೇ ಅದು ಹಾಲಿನಂತೆ ಮಬ್ಬಾಗಿ, ಆಮೇಲೆ ಬಿಳಿ ಚೂರುಗಳಾಗಿ ಒಡೆಯುತ್ತಿತ್ತು. ಫಾಸ್ಫೇಟ್ ಲವಣಗಳಿದ್ದರೂ ಕಾಯಿಸಿದಾಗ ಮಬ್ಬು ಬರುತ್ತದೆ. ಒಂದೆರಡು ಹನಿ ಆಮ್ಲ ಹಾಕಿದರೆ ಆ ಮಬ್ಬು ಕರಗುತ್ತದೆ, ಅಲ್ಬುಮಿನ್ ಕರಗುವುದಿಲ್ಲ. ಬದುಕಿದ್ದಾಗ ಊದಿದ್ದ ಮೈ, ಹೆಪ್ಪುಗಟ್ಟಿದ ಮೂತ್ರ, ಸತ್ತ ಮೇಲೆ ಕೊಯ್ದು ನೋಡಿದಾಗ ಕಂಡ ಕೆಟ್ಟ ಮೂತ್ರಪಿಂಡ: ಈ ಮೂರನ್ನೂ ಒಂದೇ ರೋಗದ ಕುರುಹುಗಳೆಂದು 1827ರ ಪುಸ್ತಕದಲ್ಲಿ ಅವನು ಜೋಡಿಸಿದ್ದೇ ದೊಡ್ಡ ಸಾಧನೆ. ಮೂತ್ರದ ರಾಸಾಯನಿಕ ವಿಶ್ಲೇಷಣೆಗೆ ಜಾನ್ ಬಾಸ್ಟಾಕ್ ನೆರವಾದ. ಗುಣಪಡಿಸುವ ಔಷಧ ಮಾತ್ರ ಅವರ ಕಾಲಕ್ಕೆ ಇರಲಿಲ್ಲ. ರಕ್ತ ತೆಗೆಯುವುದು, ಭೇದಿ ಮಾಡಿಸುವುದೇ ಚಿಕಿತ್ಸೆ.

ಸಕ್ಕರೆಯ ಪರೀಕ್ಷೆಗೆ 20ನೇ ಶತಮಾನದ ಮೊದಲ ದಶಕದಲ್ಲಿ ಸ್ಟ್ಯಾನ್ಲಿ ಬೆನೆಡಿಕ್ಟ್‌ನ ನೀಲಿ ದ್ರಾವಣ ಬಂತು. ಕಾಲೇಜಿನ ಪ್ರಯೋಗಾಲಯದಲ್ಲಿ ಅದು ಇಟ್ಟಿಗೆ ಕೆಂಪಿಗೆ ತಿರುಗುವುದನ್ನು ನೋಡಿದವರು ಅನೇಕರು. ಮುಂದೆ ಅಮೆರಿಕದ ಮೈಲ್ಸ್ ಕಂಪನಿಯಲ್ಲಿ ಆಲ್ಫ್ರೆಡ್ ಮತ್ತು ಹೆಲನ್ ಫ್ರೀ ದಂಪತಿ ರಾಸಾಯನಿಕವನ್ನು ಕಾಗದದ ಪಟ್ಟಿಗೇ ಸೇರಿಸಿದರು. 1956ರಲ್ಲಿ ಸಕ್ಕರೆಯ ಪಟ್ಟಿ, ಮರುವರ್ಷ ಅಲ್ಬುಮಿನ್ ಪಟ್ಟಿ ಮಾರುಕಟ್ಟೆಗೆ ಬಂದವು. ಪ್ರೋಟೀನ್ ತಾಗಿದರೆ ಹಳದಿ ಪಟ್ಟಿ ಹಸಿರಾಗುತ್ತದೆ. ಒಲೆ ಬೇಡ, ಆಮ್ಲ ಬೇಡ. ಮೂತ್ರ ಪರೀಕ್ಷೆ ಹಳ್ಳಿಯ ಆಸ್ಪತ್ರೆಗೂ ತಲುಪುವಂತಾಯಿತು.

ಪಟ್ಟಿಗೂ ಸಿಗದಷ್ಟು ಸಣ್ಣ ಸೋರಿಕೆಯನ್ನು ಅಳೆಯುವ ವಿಧಾನವನ್ನು 1963ರಲ್ಲಿ ಪ್ರಕಟಿಸಿದ ಹ್ಯಾರಿ ಕೀನ್ ಕೂಡ ಗೈಸ್ ಆಸ್ಪತ್ರೆಯವರೇ. ಕುಡಿದ ನೀರಿನಿಂದ ಮೂತ್ರ ತೆಳುವಾಗುವುದರಿಂದ, ಈಗ ಅಲ್ಬುಮಿನ್ ಪ್ರಮಾಣವನ್ನು ಮೂತ್ರದಲ್ಲೇ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಜೊತೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಮುಟ್ಟಿದರೆ ಎಚ್ಚರಿಕೆ. ಜ್ವರ, ಕಠಿಣ ವ್ಯಾಯಾಮಗಳಿಂದಲೂ ಅದು ತಾತ್ಕಾಲಿಕವಾಗಿ ಏರುವುದರಿಂದ ಒಂದೇ ಪರೀಕ್ಷೆಯ ಮೇಲೆ ತೀರ್ಮಾನಿಸುವುದಿಲ್ಲ. ಮೂರು ತಿಂಗಳಾದರೂ ಇಳಿಯದಿದ್ದರೆ ದೀರ್ಘಕಾಲದ ಮೂತ್ರಪಿಂಡ ರೋಗವೆನ್ನುತ್ತಾರೆ. ಬ್ರೈಟ್ ಕಂಡ ಊತ ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಮೊದಮೊದಲು ನೋವಿಲ್ಲ, ಉರಿಯಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಯಾವ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು.